ಹರೀಶನ ಪಿಚಕಾರಿ

"ಇದು ಯಾವ ಔಷಧಿ ಬಾಟ್ಲಿರೀ ಮೇಡಂ? ಲೇಬಲ್ ಎಲ್ಲೈತೆ?"

ಹರಿಹರದ ಆಸ್ಪತ್ರೆಯಲ್ಲಿ ಡಾಕ್ಟರು ಮೂರನೇ ಸಲ ಕೇಳಿದರು. ಮಂಚದ ಮೇಲೆ ಒಂದನೇ ಕ್ಲಾಸಿನ ಹರೀಶ ಜೊಲ್ಲು ಸುರಿಸುತ್ತ ನಡುಗುತ್ತಿದ್ದ.

"ಲೇಬಲ್ ಇಲ್ರಿ ಸರ್. ನಾನೇ ಕೀಳಿಸಿದೆ," ಎಂದರು ಮರುಳಸಿದ್ದಮ್ಮ ಮೇಡಂ.

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಕಡರನಾಯಕನಹಳ್ಳಿ ಶಾಲೆಗೆ ಪಾಠ ಹೇಳಲು ಹೋಗುವ ಅವರಿಗೆ ಪ್ಲಾಸ್ಟಿಕ್ ಕಸ ಕಂಡರಾಗದು. ಹೋಳಿ ಹತ್ತಿರ ಬಂದಿತ್ತು. ಪೇಟೆಯ ಪಿಚಕಾರಿ ಯಾಕೆ, ಹಳೇ ಬಾಟಲಿಯ ಮುಚ್ಚಳಕ್ಕೆ ತೂತು ಹಾಕಿದರೆ ಸಾಕಲ್ಲ! ಮನೆಯಿಂದ ತೊಳೆದು ತನ್ನಿ ಎಂದೂ ಮಕ್ಕಳಿಗೆ ಹೇಳಿದ್ದರು. ಲೇಬಲ್ಲುಗಳನ್ನು ನೆನೆಸಿ, ತಿಕ್ಕಿ ತೆಗೆಸಿ, ಬಾಟಲಿಗೆಲ್ಲ ಕೆಂಪು ಬಣ್ಣ ಬಳಿಸಿದರು. ಗದ್ದೆಗೆ ಹೊಡೆಯುವ ಔಷಧಿಯ ಬಾಟಲಿ ಹೇಗಿರುತ್ತದೆಂದು ಪೇಟೆಯಲ್ಲಿ ಬೆಳೆದ ಅವರಿಗೆ ಎಲ್ಲಿ ಗೊತ್ತಾಗಬೇಕು? ಇವತ್ತು ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ನೀರಾಟ. ಬಾಯಾರಿದ ಹರೀಶ ಪಿಚಕಾರಿಯನ್ನು ತನ್ನ ಬಾಯಿಗೇ ಹಿಂಡಿಕೊಂಡ. ಮೇಡಂ ನಕ್ಕು ಚಪ್ಪಾಳೆ ತಟ್ಟಿದ್ದರು.

"ಎರಡು ಥರದ ವಿಷ ಇರ್ತಾವೆ. ಒಂದರ ಇಂಜೆಕ್ಷನ್ ಇನ್ನೊಂದಕ್ಕೆ ಕೊಟ್ರೆ ಹುಡುಗ ತಡಕಳ್ಳಲ್ಲ. ಯಾವುದಂತ ನೀನರ ಹೇಳಪ್ಪ," ಎಂದು ಡಾಕ್ಟರು ಪಕ್ಕದಲ್ಲಿದ್ದವನತ್ತ ತಿರುಗಿದರು.

ಹುಡುಗನ ಅಪ್ಪ ಮಾಳಿಂಗಪ್ಪ ಕೈ ಮುಗಿದ. "ನಮ್ಮನ್ಯಾಗ ಎರಡೂ ಥರದ್ದು ಇದ್ವು ಸಾಹೇಬ್ರ. ನನಗ ಓದಾಕ ಬರಲ್ಲ. ತಳದಾಗ ಚೂರು ಉಳಿದಿತ್ತೇನೋ, ಹೊರಗಷ್ಟೆ ತೊಳೆದೆ. ಮೇಡಮ್ಮಾರು ಹೇಳ್ಯಾರ ಅಂದ, ಕೊಟ್ಟುಬಿಟ್ಟೆ."

ಅವನು ಬೈದಿದ್ದರೆ ಮೇಡಂಗೆ ಎಷ್ಟೋ ಮೇಲಾಗುತ್ತಿತ್ತು. ಹಾಳಾದ ಹುರುಪು ತನ್ನದು ಎಂದು ಹಲ್ಲು ಕಚ್ಚಿದರು.

"ಕೆಲವು ಕಂಪನಿಯೋರು ಬಾಟ್ಲಿ ಮೇಲೇ ಔಷಧಿ ಹೆಸರು ಉಬ್ಬಾಗಿ ಒತ್ತಿರ್ತಾರೆ. ಬಣ್ಣ ಕೆರೆದು ನೋಡ್ರಿ, ಬೇಗ," ಎನ್ನುತ್ತ ಡಾಕ್ಟರು ಹುಡುಗನ ನಾಡಿ ಹಿಡಿದರು.

ಮೇಡಂ ನೆಲದಲ್ಲಿ ಕೂತು ಕೆರೆಯತೊಡಗಿದರು. ತಳದಲ್ಲಿ ಏನಿಲ್ಲ. ಹಿಂದೆಯೂ ಏನಿಲ್ಲ. ಹರೀಶನ ಉಸಿರು ಗೊರಗೊರ ಎನ್ನುತ್ತಿತ್ತು. ಉಳಿದದ್ದು ಮುಂಭಾಗ. ಅಲ್ಲಿ ಸೊಟ್ಟಸೊಟ್ಟ ಬಿಳಿ ಅಕ್ಷರಗಳಲ್ಲಿ ಅವನ ಹೆಸರಿತ್ತು. ಅವನು ಯಾರ ಸಹಾಯವೂ ಇಲ್ಲದೆ ಮೊದಲ ಸಲ ಬರೆದದ್ದು ಅದು.

"ಕೆರೀರಿ ಮೇಡಮ್ಮಾರೆ," ಎಂದ ಮಾಳಿಂಗಪ್ಪ.

‘ಹ’ ಅಳಿಯಿತು. ಅದರ ಕೆಳಗೆ ಏನೋ ಉಬ್ಬು ಬೆರಳಿಗೆ ತಾಕಿತು. ಮೇಡಂ ‘ರೀ’ಯ ಮೇಲೆ ಉಗುರಿಟ್ಟರು.