ಹುಳಗಳಿಗೆ ಉಪವಾಸ

ಮುಚ್ಚಳ ಎತ್ತಿದ್ದೇ ತಡ, ಚಿಕ್ಕಮ್ಮ ಅಯ್ಯೋ ಎಂದಳು. ಕೆಳಗೆ ತಣ್ಣಗೆ ಇರಬೇಕಾದ ಎರೆಹುಳಗಳೆಲ್ಲ ಮರದ ಪೆಟ್ಟಿಗೆಯ ಗೋಡೆ ಹತ್ತಿ, ಮುಚ್ಚಳದ ಒಳಮೈಗೆ ಅಂಟಿಕೊಂಡು, ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದವು. ಒಳಗೆ ಕೈ ಹಾಕಿದರೆ ಬಿಸಿ. ನಾತವಂತೂ ಹೇಳತೀರದು.

ಮರುದಿನ ಬೆಳಿಗ್ಗೆ ಅವಳ ವಿಮಾನ. ಅಡುಗೆಮನೆಯ ಕಸವನ್ನು ಗೊಬ್ಬರ ಮಾಡುವುದು ಹೇಗೆಂದು ಕಲಿಸಲು ಪರದೇಶದ ಈ ಕಟ್ಟಡದವರು ಅವಳನ್ನು ಕರೆಸಿಕೊಂಡಿದ್ದರು. ಹಿತ್ತಲಲ್ಲಿ ಇದ್ದದ್ದು ಇದೊಂದೇ ಪೆಟ್ಟಿಗೆ. ಇವು ಸತ್ತರೆ, ಅವಳು ಹೋದ ಮೇಲೆ ಇಲ್ಲಿ ಹುಳದ ಹೆಸರು ಎತ್ತುವವರೂ ಇರುವುದಿಲ್ಲ.

ಅವರ ಭಾಷೆಗೆ ಮಾತು ದಾಟಿಸಲು ಜೊತೆಗೆ ಬಂದಿದ್ದ ಅಕ್ಕನ ಮಗಳು, ಯಾರು ಏನು ಹಾಕಿದಿರೆಂದು ಸುತ್ತ ನಿಂತಿದ್ದ ಕಟ್ಟಡದವರನ್ನು ವಿಚಾರಿಸಿದಳು. ಒಬ್ಬೊಬ್ಬರೇ ಬಾಯಿಬಿಟ್ಟರು. ಬಟ್ಟೆ ಹೊಲಿಯುವಾಕೆ ಬ್ರೆಡ್ಡು ಹಾಕಿದ್ದಳಂತೆ. ಬಸ್ ಓಡಿಸುವಾತ ಮಿಕ್ಕ ಅನ್ನವನ್ನೆಲ್ಲ ಸುರಿದಿದ್ದನಂತೆ. ಕೆಳಮನೆಯ ಅಜ್ಜಿಯಂತೂ ದಿನಕ್ಕೆರಡು ಸಲ ಬಾಳೆಹಣ್ಣು, ಅದೂ ಸಿಪ್ಪೆ ಸುಲಿದು! ಎಲ್ಲವೂ ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗದ ಹಾಗೆ.

"ನೀನು ಅಷ್ಟು ದೂರದಿಂದ ಬಂದು ಹೇಳಿಕೊಟ್ಟಿದ್ದೀಯ, ಅವು ಹಸ್ಕೊಂಡಿದ್ರೆ ನಮಗೆ ನಾಚಿಕೆ ಅಲ್ವಾ ಅಂತಿದ್ದಾರೆ, ಚಿಕ್ಕಮ್ಮ."

ಚಿಕ್ಕಮ್ಮನ ಸಿಟ್ಟು ಅಲ್ಲೇ ಕರಗಿತು. "ಹೊಸ ಅಳಿಯನಿಗೆ ಬಡಿಸಿದ ಹಾಗೆ ಬಡಿಸಿದ್ದಾರಲ್ಲೇ. ಅಳಿಯನಾದ್ರೆ ಸಾಕು ಅಂತ ಕೈ ಅಡ್ಡ ಹಿಡೀತಾನೆ. ಇವಕ್ಕೆ ಕೈ ಎಲ್ಲಿದೆ?"

ಹುಡುಗಿ ತಡವರಿಸುತ್ತಲೇ ಅದನ್ನೂ ದಾಟಿಸಿದಳು. ಎಲ್ಲರೂ ನಕ್ಕರು, ಅಜ್ಜಿಯೊಬ್ಬಳನ್ನು ಬಿಟ್ಟು.

ಆಮೇಲೆ ತೋಳೇರಿಸಿ ಎಲ್ಲರೂ ಕೆಲಸಕ್ಕೆ ನಿಂತರು. ಹುಳಗಳು ತಿಂದು ಮುಗಿಸಲಾಗದೆ ಹುಳಿತು ಬಿಸಿಯೇರಿದ್ದನ್ನೆಲ್ಲ ತೋಡಿ ಹೊರಗೆ ಹಾಕಿದರು. ರಟ್ಟಿನ ಡಬ್ಬಗಳನ್ನು ಹರಿದು, ನೀರಲ್ಲಿ ನೆನೆಸಿ, ಹಿಂಡಿ ಹಾಸಿದರು. ಮೊದಲ ದಿನ ಹುಳ ಕಂಡು ಮಾರುದೂರ ಹಾರಿದ್ದ ಹೊಲಿಗೆಯಾಕೆ, ಈಗ ಮುಚ್ಚಳಕ್ಕೆ ಅಂಟಿದ್ದವನ್ನು ಒಂದೊಂದಾಗಿ ಬೆರಳಲ್ಲಿ ಬಿಡಿಸಿ ಕೆಳಗೆ ಬಿಟ್ಟಳು.

ಒಂದು ವಾರ ಯಾರೂ ಏನೂ ಹಾಕಬಾರದು, ಕಾವಲಿಗೆ ಅಜ್ಜಿಯೇ ಇರಲಿ ಎಂದಳು ಚಿಕ್ಕಮ್ಮ. ಅಜ್ಜಿಯ ಮುಖ ಸಪ್ಪಗಾಯಿತು. ಹಸಿದರೆ ಏನು ಗತಿ ಎಂದು ಹುಡುಗಿಯ ಕೈಲಿ ಕೇಳಿಸಿದಳು.

"ಹಸೀಲಿ ಅಜ್ಜಿ. ಹಸಿದ್ರೇನೇ ಅವು ಕೆಲಸಕ್ಕಿಳಿಯೋದು."

ಅಜ್ಜಿ ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಬೆಳಿಗ್ಗೆ ಟ್ಯಾಕ್ಸಿಯವನು ಹಾರ್ನ್ ಒತ್ತುತ್ತಿದ್ದರೂ ಚಿಕ್ಕಮ್ಮ ಹಿತ್ತಲಿಗೆ ಓಡಿದಳು. ಅಜ್ಜಿ ಆಗಲೇ ಅಲ್ಲಿದ್ದಳು. ಇಬ್ಬರೂ ಸೇರಿ ಮುಚ್ಚಳ ಎತ್ತಿದರು. ಗೋಡೆಯ ಮೇಲೆ ಒಂದೂ ಇರಲಿಲ್ಲ. ಮೂಲೆಯಲ್ಲಿ ಕೆಂಪು ಬಾಲವೊಂದು ಸದ್ದಿಲ್ಲದೆ ರಟ್ಟಿನಡಿಗೆ ಜಾರಿತು.

ಅಜ್ಜಿಯ ಕೈ ಕೋಟಿನ ಜೇಬಿನಿಂದ ಬಾಳೆಹಣ್ಣೊಂದನ್ನು ತೆಗೆಯಿತು. ಅವಳು ಪೆಟ್ಟಿಗೆಯನ್ನು ನೋಡಿದಳು, ಚಿಕ್ಕಮ್ಮನನ್ನು ನೋಡಿದಳು. ಮುಚ್ಚಳ ಹಾಕಿ, ಅದರ ಮೇಲೆ ಗಟ್ಟಿಯಾಗಿ ಕೂತು, ಹಣ್ಣು ಸುಲಿದು ತಾನೇ ತಿನ್ನತೊಡಗಿದಳು.