ಕೆಂಪು ಗಂಟು

ಹಲವು ದೇಶಗಳ ಕ್ರೀಡಾಕೂಟ ಊರಿಗೆ ಬಂದದ್ದೇ ಬಂದದ್ದು, ಬಾವುಟ ಹೊಲಿಯುವ ಆ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೇರವಾಗಿ ನೋಡುವುದು ನಿಂತುಹೋಯಿತು.

ಪದಕ ಕೊಡುವಾಗ ಏರಿಸುವ ಬಾವುಟಗಳ ಕೆಲಸ ಅವರದು. ನಕ್ಷತ್ರವೋ ಹಕ್ಕಿಯೋ ಇದ್ದರೆ ತಲೆ ಯಾವುದು, ಬುಡ ಯಾವುದು ಎಂದು ಕಣ್ಣೇ ಹೇಳುತ್ತದೆ. ಎರಡೇ ಪಟ್ಟಿಯ ಬಾವುಟಕ್ಕೆ ಹಾಗಲ್ಲ. ಅದಕ್ಕೇ ಮನೆಯ ಯಜಮಾನರು, ಇಬ್ಬರು ಸೊಸೆಯರ ಮಾವ, ಹಗ್ಗ ತೂರುವ ಅಂಚಿನ ಮೇಲ್ತುದಿಗೆ ಕೆಂಪು ದಾರದ ಗಂಟು ಹಾಕಿಸುತ್ತಿದ್ದರು. ಏರಿಸುವವನು ಗಂಟು ನೋಡಿ ಕಟ್ಟುತ್ತಾನೆ. ಗಂಟು ತಪ್ಪಿತೋ, ಗೆದ್ದವನ ಕಣ್ಣೆದುರೇ ಅವನ ದೇಶ ತಲೆಕೆಳಗು. ಮಾವನ ಮೂವತ್ತು ವರ್ಷದ ಹೆಸರು ಮಣ್ಣುಪಾಲು.

ಎರಡು ದಿನದಿಂದ ಇಂಥ ನಾಲ್ಕು ಬಾವುಟಗಳ ಗಂಟು ಕೆಳತುದಿಗೆ ಇಳಿಯುತ್ತಿತ್ತು. ಹಿರಿಸೊಸೆ ಬಿಚ್ಚಿ ಮೇಲೆ ಹಾಕುವಳು. ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಕೆಳಗೆ. ಅವಳ ಅನುಮಾನ ನೆಟ್ಟಗೆ ವಾರಗಿತ್ತಿಯ ಮೇಲೆ ಹೋಗಿ ಕೂತಿತು. ಬೇರೆ ಅಂಗಡಿ ಇಡೋಣ ಎಂದು ಗಂಡನ ಕಿವಿ ಕಚ್ಚುತ್ತಿದ್ದವಳು ಅವಳೇ ತಾನೆ?

ಮೂರನೆಯ ದಿನ, ಸಂಜೆಗೆ ಗಾಡಿ ಬರುವುದಿತ್ತು. ಹಿರಿಸೊಸೆ ನಾಲ್ಕನ್ನೂ ಪೆಟ್ಟಿಗೆಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊಟಕ್ಕೆ ಕೂತಳು.

"ಬೀಗ ಬಾವುಟಕ್ಕೋ, ನನಗೋ ಅಕ್ಕಾ?" ಎಂದಳು ವಾರಗಿತ್ತಿ.

"ಕೈಚಳಕ ಇರೋರಿಗೆ."

"ಸರಿ, ನಿಮ್ಮೆದುರಿಗೇ ಉಣ್ತೀನಿ. ನನ್ನ ಕೈಗಳನ್ನ ಎಣಿಸ್ತಾ ಇರಿ."

ಪೆಟ್ಟಿಗೆಗೆ ಇನ್ನೊಂದು ಕೀಲಿ ಇರುವುದು ಹಿರಿಸೊಸೆಗೆ ನೆನಪಾದದ್ದು ಅರ್ಧ ಊಟದಲ್ಲಿ. ಕೈ ತೊಳೆಯದೆ ಎದ್ದು ಹೋದಳು. ಮಾವ ಮೇಜಿಗೆ ಬಾಗಿ ಗಂಟು ಬಿಚ್ಚುತ್ತಿದ್ದರು.

"ಮಾವ, ನೀವಾ?"

"ನಾನೇ. ನೀವು ಕೆಡಿಸ್ತೀರಿ, ನಾನು ಸರಿಮಾಡ್ತೀನಿ. ಇದು ನಿನ್ನದೇ ಕೆಲಸ ಅಂತ ನನಗೆ ಮೊದಲಿಂದ ಗುಮಾನಿ, ತಾಯಿ." ಮೇಜಿಗೆ ಅಂಟಿಸಿದ್ದ, ಎರಡು ಪಟ್ಟಿಯ ಬಾವುಟಗಳ ಪಟದ ಮೇಲೆ ಬೆರಳಿಟ್ಟರು. "ನೋಡು, ಹಳದಿ ಮೇಲೆ, ಹಸಿರು ಕೆಳಗೆ."

ಹಿರಿಸೊಸೆ ಪಟ ನೋಡಿದಳು, ಮಾವನ ಕುರ್ಚಿ ನೋಡಿದಳು. ಕಣ್ಣು ಮಬ್ಬೆಂದು ಅವರನ್ನು ಕಿಟಕಿಯ ಬೆಳಕಿಗೆ, ಮೇಜಿನ ಆಚೆ ಬದಿಗೆ ಕೂರಿಸಿದವಳು ಅವಳೇ; ಮೂರು ದಿನವಾಯಿತು. ಪಟ ಮಾತ್ರ ಅವಳ ಕಡೆಗೇ ಮುಖಮಾಡಿತ್ತು. ಅದರ ಪರದೇಶದ ಅಕ್ಷರ ಅವರಿಗೆ ಬಾರದು. ಮಾವ ಕೂತ ಕಡೆಯಿಂದ ಜಗತ್ತೆಲ್ಲ ತಲೆಕೆಳಗೇ.

"ಕಳ್ಳ ಸಿಕ್ಕಿದನಾ ಅಕ್ಕಾ?" ವಾರಗಿತ್ತಿ ಬಾಗಿಲಲ್ಲಿ ನಿಂತಿದ್ದಳು.

"ಸಿಕ್ಕಿದಳು." ಹಿರಿಸೊಸೆ ಕೀಲಿ ತೆಗೆದು ಚಾಚಿದಳು. "ಇದನ್ನ ನೀನೇ ಇಟ್ಕೋ."

ವಾರಗಿತ್ತಿ ಕೀಲಿಯನ್ನು ಹೊರಳಿಸಿ ನೋಡಿದಳು. "ಒಂದು ಇದು, ಒಂದು ಮಾವನ ಹತ್ರ. ಬೀಗದ ಜೊತೆ ಮೂರು ಬಂದಿತ್ತಲ್ಲ, ಮೂರನೇದು ಎಲ್ಲಿ?"

ಗಾಡಿ ಬರುವುದರೊಳಗೆ ಮೂವರೂ ಮೇಜಿನ ಒಂದೇ ಬದಿಗೆ ಕೂತು ನಾಲ್ಕೂ ಗಂಟುಗಳನ್ನು ಮೇಲೆ ಹಾಕಿದರು. ಆದರೂ ಒಬ್ಬರು ಗಂಟು ಹಾಕುವಾಗ ಉಳಿದಿಬ್ಬರ ಕಣ್ಣು ಆ ಕೈಯ ಮೇಲೇ ಇತ್ತು.