ಮರದ ತುದಿಯಿಂದ ಕಾಣುವ ದೇಶ

ಟಪ್, ಎಂದಿತು ಎಲ್ಲೋ, ಮಳೆಯಲ್ಲ, ಮನೆಯ ಹಿಂದಿನ ತೆಂಗಿನ ಹೊಂಬಾಳೆಯಿಂದ ನೀರಾ ತೊಟ್ಟಿಕ್ಕಿರಬೇಕು, ಕಟ್ಟಿದ ಚಿಪ್ಪು ತುಂಬಿ ಚೆಲ್ಲುತ್ತಿರಬೇಕು, ಇಳಿಸುವವರಿಲ್ಲ, ಕೆತ್ತದೆ ಬಿಟ್ಟರೆ ನಾಳೆಗೆ ಹೊಂಬಾಳೆಯ ಬಾಯಿಯೂ ಒಣಗುತ್ತದೆ — ಅರೋಯಿತಾ ಚಾಪೆಯಿಂದ ಏಳಲಿಲ್ಲ. ನಿನ್ನೆ ಮಣ್ಣು ಮಾಡುವಾಗ ಅಂಗಳ ತುಂಬ ಜನ, ಇವತ್ತು ಎಲ್ಲರೂ ಮೀನಿಗೆ ಹೋದರು, ಕೋಳಿಗಳು ಕೆದರುತ್ತಿವೆ, ಎಂದಿನ ಬೆಳಗು. ಈ ಹೊತ್ತಿಗೆ ಅವಳ ಗಂಡ ಉರಿಯಾಮ್ ಮರದ ಮೇಲೆ ಹಾಡುತ್ತಿರುತ್ತಿದ್ದ, ಏರಿದ ಗಂಡಸು ಹಾಡಲೇಬೇಕು, ಕೆಳಗೆ ಮೈ ತೊಳೆಯುವ ಹೆಂಗಸರಿಗೆ ಮೇಲೊಬ್ಬನಿದ್ದಾನೆಂದು ಗೊತ್ತಾಗಬೇಕಲ್ಲ, ಅಂದೂ ಹಾಡುತ್ತಿದ್ದ, ಅಲೆಯ ಬೆನ್ನೇರಿ — ಬಾ ಎನ್ನುವ ಮೊದಲೇ ಹಾಡು ನಿಂತಿತು, ಅವಳು ಪಾತ್ರೆ ಉಜ್ಜುತ್ತ ಆ ಒಂದು ಪದಕ್ಕೆ ಕಾದಳು, ಬಿದ್ದ ಸದ್ದು ಆಮೇಲೆ ಬಂತು.

ಗುಂಡಿ ತೋಡುವಾಗಲೂ ಅಳು ಬರಲಿಲ್ಲ, ಸೊಂಟದಾಳದಲ್ಲೇ ನೀರು ಜಿನುಗಿತು, ಅವಳಿಗೆ ಶಾಲೆಯಲ್ಲಿ ತಾನೇ ಹೇಳುವ ಪಾಠ ನೆನಪಾಯಿತು — ಹವಳದ ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ಕೆನೆಯಂತೆ ತೇಲುತ್ತದೆ ಮಕ್ಕಳೇ — ಕಡಲಾಚೆಯ ಸುವಾ ನಗರದಲ್ಲಿ ಭೂಗೋಳ ಓದಿ ಬಂದದ್ದು ಇದಕ್ಕೇನಾ, ಗಂಡನನ್ನು ಕೆನೆಯ ಮೇಲೆ ಮಲಗಿಸುತ್ತಿದ್ದಾರೆ ಎಂದುಕೊಳ್ಳುವುದಕ್ಕೆ. ನಮ್ಮ ದ್ವೀಪದೇಶ ಕಿರಿಬಾಸ್ ನಕ್ಷೆ ಬಿಡಿಸಿ ಎಂದರೆ ಮಕ್ಕಳು ಹಾಳೆ ತುಂಬ ನೀಲಿ ಬಳಿದು ಅಲ್ಲೊಂದು ಇಲ್ಲೊಂದು ಚುಕ್ಕಿ ಇಡುತ್ತಿದ್ದರು, ಉರಿಯಾಮ್ ನೋಡಿ ನಗುವನು, ಇದೇನೇ ಟೀಚರಮ್ಮ, ದೇಶಕ್ಕೆ ಸಿಡುಬು ಬಂದಿದ್ಯಾ, ಮರ ಎಲ್ಲಿ, ದೋಣೀಲಿ ಬರೋವಾಗ ನೆಲ ಕಾಣುತ್ತಾ ಮೊದ್ಲು, ನೀರಲ್ಲಿ ಮರ ನಿಂತಿರೋದಲ್ವಾ ಕಾಣೋದು, ಒಂದ್ಸಲ ಮೇಲೆ ಬಾ ತೋರಿಸ್ತೀನಿ, ಈ ಕಡೆ ಸಮುದ್ರ, ಆ ಕಡೆ ಹವಳದ ದಿಬ್ಬದೊಳಗಿನ ಒಳಗಡಲು, ಮಧ್ಯೆ ನಿನ್ನ ದೇಶ, ಉಡುದಾರದಷ್ಟು. ನಾಳೆ ಎಂದಿದ್ದಳು. ಟಪ್.

ಚಾಪೆಯಡಿ ಕತ್ತಿ ಒತ್ತುತ್ತಿದೆ. ಅದು ಪಕ್ಕದ ಮನೆಯ ತೆಬಾಕಾ ತಾತನದು, ಉರಿಯಾಮನ ಕತ್ತಿ ಒಳಗಡಲಿಗೆ ಬಿದ್ದಾಗ ಕೇಳಿ ತಂದದ್ದು, ಇಲ್ಲಿ ಬಾಯಿಬಿಟ್ಟು ಕೇಳಿದವರಿಗೆ ಇಲ್ಲವೆನ್ನುವಂತಿಲ್ಲ, ಕೊಟ್ಟ ಮೇಲೆ ಯಾವಾಗ ತರ್ತೀ ಎನ್ನುವಂತೆಯೂ ಇಲ್ಲ. ಹೆಣದ ಪಕ್ಕ ಕುಳಿತಾಗ ಅದನ್ನು ತನ್ನಡಿ ಸರಿಸಿಕೊಂಡಿದ್ದಳು, ಅಲಗಿನ ಮೇಲೆ ಅವನು ಕೊನೆಯ ಸಲ ಕೆತ್ತಿದಾಗಿನ ನೀರಾ ಒಣಗಿ ಬೆಳ್ಳಗೆ ಅಂಟಿದೆ. ತಾತ ನೋಡಿದ್ದ, ಕೇಳಲಿಲ್ಲ. ನಿನ್ನೆ ಮೀನುಸಾರು ತಂದ ಅವನ ಹೆಂಡತಿ ಗಂಡನನ್ನೇ ಬೈದಳು, ತಗಡಿನ ಡಬ್ಬಿ ಮುಚ್ಚಳದಲ್ಲಿ ಕೆತ್ತೋಕೆ ಹೋಗ್ತಾನಮ್ಮ ಈ ಮುದುಕ, ಹೊಂಬಾಳೆಗೆ ಗಡ್ಡ ಬೋಳಿಸ್ತಿದ್ಯಾ ಅಂದೆ, ಜಜ್ಜಿ ಜಜ್ಜಿ ಅದರ ಬಾಯೇ ಮುಚ್ಚೋಯ್ತು, ತಾಯಿ ಇಲ್ಲದ ಮೊಮ್ಮಗು, ಹಾಲಿಗೆ ಬದಲು ಅದಕ್ಕೆ ನೀರಾನೇ ಗತಿ, ಚೀರಿ ಚೀರಿ — ಎಂದವಳು ಥಟ್ಟನೆ ನಿಲ್ಲಿಸಿ, ಅಯ್ಯೋ, ನೀನು ಉಣ್ಣು, ಎಂದಳು. ಅವಳೂ ಕೇಳಲಿಲ್ಲ. ಈಗಲೂ ಮಗು ಅಳುತ್ತಿದೆ, ಬೇಲಿಯಾಚೆ, ದನಿ ಕಟ್ಟಿದೆ.

ಎದ್ದಳು. ಕತ್ತಿ ಒರೆಸಿ ಕೊಡಬೇಕು, ಕೈ ಬರಲಿಲ್ಲ, ಹಾಗೇ ಹಿಡಿದು ಬೇಲಿ ದಾಟಿದಳು. ತಾತ ತನ್ನ ಮರದ ಬುಡದಲ್ಲಿ ಮುಚ್ಚಳವನ್ನು ಕಲ್ಲಿಗೆ ಉಜ್ಜುತ್ತಿದ್ದ. ತಗೋ ತಾತ. ಇಟ್ಕೋಬಹುದಿತ್ತಲ್ಲಮ್ಮ, ನಾನೇನು ಕೇಳಿದ್ನಾ. ನೀನು ಕೇಳಲ್ಲ, ಈಗ ನಾನು ಕೇಳ್ತೀನಿ, ಇಲ್ಲ ಅನ್ನೋ ಹಾಗಿಲ್ಲ — ಮೊದ್ಲು ನಮ್ಮ ಮರ ಹತ್ತು, ನೀರಾ ಮಗೂಗೆ, ಆದ್ರೆ ಅವನ ಹಾಡೇ ಹಾಡು. ಈ ಗಂಟಲಲ್ಲಾ, ಕೋಳಿಗಳೆಲ್ಲ ಊರು ಬಿಟ್ಟು ಓಡ್ತಾವೆ. ಓಡ್ಲಿ. ತಾತ ಅಲಗನ್ನು ದಿಟ್ಟಿಸಿದ, ಒರೆಸದೆ ಸೊಂಟಕ್ಕೆ ಸಿಕ್ಕಿಸಿದ. ಏರುತ್ತಿದ್ದಾನೆ, ಕಾಂಡದ ಕಚ್ಚಿನಿಂದ ಕಚ್ಚಿಗೆ, ಮುದಿ ಪಾದ, ಅವಳು ಬುಡದಲ್ಲಿ ನಿಂತು ಕತ್ತೆತ್ತಿದ್ದಾಳೆ, ಅಲ್ಲಿಂದ ಎರಡೂ ಕಡಲು ಕಾಣುತ್ತಿರಬೇಕು, ಅಲೆಯ ಬೆನ್ನೇರಿ, ಎಂದಿತು ಒಡಕು ದನಿ, ಅವಳು ಮತ್ತೆ ಆ ಒಂದು ಪದಕ್ಕೆ ಕಾದಳು — ಬಾ, ಎಂದಿತು, ಬಾ, ಬಿದ್ದ ಸದ್ದಿಲ್ಲ, ಕತ್ತಿ ಆಡುವ ಸದ್ದು, ತೆಳ್ಳಗೆ, ಒಂದೇ ಸಲ, ಈಗ ಹೊಂಬಾಳೆಯ ಬಾಯಿ ತೆರೆದಿರುತ್ತದೆ, ಈಗ ಬರುತ್ತದೆ, ಕೊಯ್ದ ತುದಿಯಲ್ಲಿ ಒಂದು ತೊಟ್ಟು, ತುಂಬಿ, ತೂಗಿ, ಇನ್ನೂ ಬೀಳದೆ — ಒಂದು ತೊಟ್ಟು